ತೋಟದಲ್ಲಿಟ್ಟ ಶಿಲ್ಪ ನೋಡೋದು ಹೇಗೆ?

ಮ್ಯೂಸಿಯಂ ತೋಟದಲ್ಲಿ ಈಗಿನ ಕಲಾವಿದರ ಶಿಲ್ಪ ಪ್ರದರ್ಶನ ಇದ್ದರೆ, ಮುಂಜಾನೆ ಬಾಗಿಲು ತೆರೆದ ಕೂಡಲೇ ಹೋಗಿ, ಇಲ್ಲವೇ ಸಂಜೆ ಮುಚ್ಚುವ ಮುಂಚೆ. ಬಿಸಿಲು ಓರೆಯಾಗಿ ಬಿದ್ದಾಗ ಉಬ್ಬು, ತಗ್ಗು, ಉಳಿಯ ಗುರುತು ಎಲ್ಲ ಎದ್ದು ಕಾಣುತ್ತವೆ. ನಡುಮಧ್ಯಾಹ್ನ ಎಲ್ಲವೂ ಚಪ್ಪಟೆ, ಮೇಲೆ ವಿಜಯಪುರದಂಥ ಊರಲ್ಲಿ ಸುಡುವ ಬಿಸಿಲು ಬೇರೆ! ಬಾದಾಮಿ, ಐಹೊಳೆ, ಗೋಲ ಗುಮ್ಮಟದ ಮ್ಯೂಸಿಯಂಗಳಿಗೆ ಶುಕ್ರವಾರ ರಜೆ, ನೆನಪಿರಲಿ.

ಆಮೇಲೆ ಸುತ್ತಬೇಕು. ನಮಗೆ ಶಿಲ್ಪದ ಎದುರಿಗೆ ನಿಂತು ನೋಡುವುದೇ ರೂಢಿ, ಅಲ್ವಾ? ಬಾದಾಮಿಯ ಮೊದಲನೇ ಗುಹೆಯಲ್ಲಿರುವ 18 ಕೈಗಳ ನಟರಾಜನ ಬೆನ್ನು ಯಾರೂ ಕಂಡಿಲ್ಲ, ಅವನು ಬಂಡೆಯಲ್ಲೇ ಇದ್ದಾನೆ. ತೋಟದ ಶಿಲ್ಪಕ್ಕೆ ಬೆನ್ನಿದೆ, ಪಕ್ಕೆ ಇದೆ. ದೂರದಿಂದ ಒಂದು ಸುತ್ತು ಹಾಕಿ, ಹತ್ತಿರದಿಂದ ಇನ್ನೊಂದು, ಆಮೇಲೆ ಕುಕ್ಕರಗಾಲಲ್ಲಿ ಕೂತು ಮಗುವಿನ ಎತ್ತರದಿಂದ ನೋಡಿ. ಆಕಾರ ಥಟ್ಟನೆ ಬದಲಾದ ಕಡೆ ನಿಲ್ಲಿ, ಕಲಾವಿದ ಜಾಸ್ತಿ ತಲೆ ಕೆಡಿಸಿಕೊಂಡಿರೋದು ಬಹುಶಃ ಅಲ್ಲೇ. ತೂತುಗಳಿದ್ದರೆ ಅದರೊಳಗಿಂದ ಆಚೆ ಏನು ಕಾಣುತ್ತದೆ ನೋಡಿ. ಗೋಲ ಗುಮ್ಮಟದಂಥ ಕಟ್ಟಡ ಹಿಂದಿದ್ದರೆ ಆಳೆತ್ತರದ ಶಿಲ್ಪವೂ ಗೊಂಬೆಯಷ್ಟೇ ಅನಿಸುತ್ತದೆ, ಹಾಗಾಗಿ ಅದು ಗುಮ್ಮಟವನ್ನು ಮರೆಮಾಡುವಷ್ಟು ಹತ್ತಿರ ಹೋಗಿ.

“ಇದೇನು?” ಅಂತ ಕೇಳುವ ಮೊದಲು “ಯಾವುದರಿಂದ ಮಾಡಿದ್ದು?” ಅಂತ ಕೇಳಿಕೊಳ್ಳಿ. ಬಂಗಾಳದ ಶಿಲ್ಪಿ ರಾಮ್‌ಕಿಂಕರ್ ಬೈಜ್ 1938ರಲ್ಲಿ ಶಾಂತಿನಿಕೇತನದ ಬಯಲಲ್ಲಿ ‘ಸಂಥಾಲ್ ಕುಟುಂಬ’ ಅನ್ನೋ ಶಿಲ್ಪ (ಸಂಥಾಲರು ಆ ಕಡೆಯ ಬುಡಕಟ್ಟು ಜನ) ಮಾಡಿದ್ದು ಸಿಮೆಂಟು ಮತ್ತು ಜಂಬಿಟ್ಟಿಗೆಯ ಹರಳುಗಳಿಂದ. ಆ ಒರಟು ಮೈ ನೋಡಿದರೆ ದುಡಿಯುವ ಜನರ ನಡಿಗೆ ಗೊತ್ತಾಗುತ್ತದೆ, ಅದನ್ನು ನಯ ಮಾಡಿದ್ದರೆ ಸತ್ತೇ ಹೋಗುತ್ತಿತ್ತು. ತುಕ್ಕು ಹಿಡಿದ ಉಕ್ಕು ಕಂಡರೆ ಹಾಳಾಗಿದೆ ಅನ್ನಬೇಡಿ. ಒಂದು ಬಗೆಯ ಉಕ್ಕಿಗೆ ಆ ತುಕ್ಕಿನ ಪದರವೇ ಕಾವಲು, ಒಳಗಿನ ಲೋಹ ಬೇಗ ಸವೆಯುವುದಿಲ್ಲ.

ಮುಟ್ಟಬೇಕು ಅನ್ನಿಸಿದರೆ ಕಾವಲಿನವರನ್ನು ಕೇಳಿ. ಕೈಯ ಬೆವರು, ಎಣ್ಣೆ ಕಂಚಿನ ಬಣ್ಣ ಕೆಡಿಸುತ್ತವೆ. ಬೇಸಿಗೆಯಲ್ಲಿ ಕಬ್ಬಿಣ ಕೈ ಸುಡುತ್ತದೆ, ಮಕ್ಕಳ ಮೇಲೆ ಕಣ್ಣಿರಲಿ.

ಹೆಸರಿನ ಫಲಕ ಕೊನೆಗೆ ಓದಿ. ಎಲ್ಲವನ್ನೂ ನೋಡಿ ಮುಗಿಸಲೇಬೇಕು ಅಂತಿಲ್ಲ, ಇಷ್ಟವಾದ ಎರಡರ ಹತ್ತಿರ ಸುಮ್ನೆ ಹೆಚ್ಚು ಹೊತ್ತು ಇರಿ. ಸದ್ಯಕ್ಕೆ ಹತ್ತಿರ ಪ್ರದರ್ಶನ ಇಲ್ಲದಿದ್ದರೆ ಐಹೊಳೆಗೆ ಹೋಗಿ. ದುರ್ಗ ಗುಡಿಯ ಆವರಣದ ಮ್ಯೂಸಿಯಂನವರು ಹಳೆಯ ಶಿಲ್ಪಗಳನ್ನು ಬಯಲಲ್ಲೇ ಇಟ್ಟಿದ್ದಾರೆ, ಅಲ್ಲಿಂದ ಶುರು ಮಾಡಬಹುದು.