ಉಡುಪಿಯಲ್ಲೇ ಕೂತು ಎನ್‌ಎಸಿಎ ರಿಪೋರ್ಟು ಹುಡುಕುವ ಕ್ರಮ

ಕಳೆದ ಆಟಿ ತಿಂಗಳ ಮಳೆಯಲ್ಲಿ ತಂಗಿಯ ಮಗ ಸುರತ್ಕಲ್‌ನಿಂದ ಬಸ್ಸಲ್ಲಿ ಬಂದ. ಕೊಡೆ ಮಡಚುವ ಮೊದಲೇ ಲ್ಯಾಪ್‌ಟಾಪ್ ತೆರೆದು ನನ್ನ ಮುಂದೆ ಇಟ್ಟ. ಮಾಡೆಲ್ ವಿಮಾನದ ರೆಕ್ಕೆಯ ನಕ್ಷೆ. ಥರ್ಮಾಕೋಲನ್ನು ಬಿಸಿ ತಂತಿಯಲ್ಲಿ ಕತ್ತರಿಸಲಿಕ್ಕೆ ಮಾಡಿದ್ದು.

"ಮಾವ, ಇದರ ಹಿಂದಿನ ತುದಿ ಕೂಡುವುದೇ ಇಲ್ಲ. ಅರ್ಧ ಮಿಲಿಮೀಟರ್ ಬಾಯಿ ಬಿಟ್ಟುಕೊಂಡೇ ಇರುತ್ತದೆ. ನನ್ನ ಫ್ರೆಂಡಿನದ್ದು ಸರಿಯಾಗಿ ಕೂಡಿದೆ. ಇಬ್ಬರದ್ದೂ 2412."

"ಸೂತ್ರ ಎಲ್ಲಿಂದ ತೆಗೆದದ್ದು ಮಾರಾಯ?"

"ನೆಟ್ಟಲ್ಲಿ ಸಿಕ್ಕಿತು."

ನಾನು ಎಂಜಿನಿಯರ್ ಅಲ್ಲ. ಎಂಜಿನಿಯರಿಂಗ್ ಕಾಲೇಜೊಂದರ ಲೈಬ್ರರಿಯಲ್ಲಿ ಪುಸ್ತಕ ಕೊಡುತ್ತಾ, ಹಿಂದೆ ತೆಗೆದುಕೊಳ್ಳುತ್ತಾ ರಿಟೈರ್ ಆದವನು. ಗಣಿತ ನನಗೆ ಅಷ್ಟಕ್ಕಷ್ಟೆ. ಆದರೆ ಯಾವ ಕಾಗದ ಎಲ್ಲಿರುತ್ತದೆ ಅನ್ನುವುದು ಗೊತ್ತು. ಅವತ್ತು ಅವನಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಈ ಭಾಗದ ಕಾಲೇಜು ಮಕ್ಕಳಲ್ಲಿ ರೆಕ್ಕೆ, ಫ್ಯಾನು, ಗಾಳಿಯಂತ್ರ, ಪ್ರೊಪೆಲ್ಲರ್ ಅಂತ ಪ್ರಾಜೆಕ್ಟ್ ಮಾಡುವವರು ಬೇಕಾದಷ್ಟು ಇದ್ದಾರಲ್ವಾ? ಅವರಿಗೆಲ್ಲ ಒಂದಲ್ಲ ಒಂದು ದಿನ ಇದು ಬೇಕಾಗುತ್ತದೆ.

2412 ಅಂದರೆ ರೆಕ್ಕೆಯ ಅಡ್ಡಸೀಳಿನ ಒಂದು ಆಕಾರ. ಆ ಹೆಸರು ಬಂದದ್ದು ಅಮೆರಿಕ ಸರಕಾರದ ಹಳೆಯ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಸಿಎಯಿಂದ (ನ್ಯಾಷನಲ್ ಅಡ್ವೈಸರಿ ಕಮಿಟಿ ಫಾರ್ ಏರೋನಾಟಿಕ್ಸ್). ಅದು ಶುರುವಾದದ್ದು 1915ರ ಮಾರ್ಚ್ 3ಕ್ಕೆ. ನೌಕಾಪಡೆಯ ಖರ್ಚಿನ ಮಸೂದೆಯ ಬಾಲಕ್ಕೆ ಕಟ್ಟಿ ಪಾಸು ಮಾಡಿಸಿದ್ದು. 12 ಜನರ ಸಮಿತಿ, ವರ್ಷಕ್ಕೆ 5000 ಡಾಲರ್. 1958ರ ಅಕ್ಟೋಬರ್ 1ಕ್ಕೆ ಅದೇ ನಾಸಾದೊಳಗೆ ಸೇರಿಹೋಯಿತು. ನಾಸಾ ಅನ್ನುವ ಹಾಗೆ ಇದನ್ನು "ನಾಕಾ" ಅನ್ನಬೇಡಿ. ಅಲ್ಲಿ ಕೆಲಸ ಮಾಡಿದವರು ಒಂದೊಂದೇ ಅಕ್ಷರ ಬಿಡಿಸಿ ಎನ್-ಎ-ಸಿ-ಎ ಅನ್ನುತ್ತಿದ್ದರು. ನಮ್ಮ ಕಡೆಯ ಹಳಬರು ಸುರತ್ಕಲ್‌ನ ಎಂಜಿನಿಯರಿಂಗ್ ಕಾಲೇಜು ಎನ್‌ಐಟಿಕೆಗೆ ಈಗಲೂ ಹಳೆಯ ಹೆಸರಿನಲ್ಲಿ ಕೆ-ಆರ್-ಇ-ಸಿ ಅನ್ನುತ್ತಾರಲ್ಲ, ಹಾಗೆ.

ಈಗ ಹುಡುಕುವ ವಿಷಯ. ನಾಸಾದ ಟೆಕ್ನಿಕಲ್ ರಿಪೋರ್ಟ್ಸ್ ಸರ್ವರ್ ಅಂತ ಒಂದು ಜಾಲತಾಣ ಇದೆ, ಎನ್‌ಟಿಆರ್‌ಎಸ್ ಅನ್ನುತ್ತಾರೆ. ದುಡ್ಡಿಲ್ಲ, ಲಾಗಿನ್ ಬೇಡ. ಮಕ್ಕಳು ಮಾಡುವ ಮೊದಲ ತಪ್ಪು ಅಂದರೆ ಅಲ್ಲಿ ವಿಷಯ ಟೈಪ್ ಮಾಡುವುದು. "ರೆಕ್ಕೆ" ಅಂತ ಕೊಟ್ಟರೆ ಸಾವಿರಗಟ್ಟಲೆ ಬಂದು ಬೀಳುತ್ತವೆ. ಅದೂ ರೆಕ್ಕೆಯ ಅಡ್ಡಸೀಳಿನ ಆಕಾರಕ್ಕೆ ನಮ್ಮ ಮಕ್ಕಳು ಬ್ರಿಟಿಷರ ಕಾಗುಣಿತದಲ್ಲಿ "ಏರೋಫಾಯಿಲ್" ಅಂತ ಹಾಕುತ್ತಾರೆ. ಅಮೆರಿಕದವರು ಬರೆದದ್ದು "ಏರ್‌ಫಾಯಿಲ್". ಬೇಕಾದದ್ದು ಕಣ್ಣಿಗೇ ಬೀಳುವುದಿಲ್ಲ.

ವಿಷಯ ಬಿಡಿ, ನಂಬರು ಹಿಡಿಯಿರಿ. ಎನ್‌ಎಸಿಎಯ ಪ್ರತಿ ರಿಪೋರ್ಟಿಗೂ ಒಂದು ನಂಬರಿದೆ. ನಿಮ್ಮ ಪಠ್ಯಪುಸ್ತಕದ ಅಧ್ಯಾಯದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಯಾರೂ ಓದುವುದಿಲ್ಲ, ಆದರೆ ಇರುತ್ತದೆ. 2412ರ ವಿವರ ಇರುವುದು 1933ರ 460ನೇ ರಿಪೋರ್ಟಿನಲ್ಲಿ. ಈಸ್ಟ್‌ಮನ್ ಜೇಕಬ್ಸ್, ಕೆನೆತ್ ವಾರ್ಡ್, ರಾಬರ್ಟ್ ಪಿಂಕರ್ಟನ್ ಅನ್ನುವ ಮೂವರು ಬರೆದದ್ದು. ಹುಡುಕುವ ಜಾಗದಲ್ಲಿ ಎನ್‌ಎಸಿಎ, ಅಡ್ಡಗೆರೆ, ಟಿಆರ್, ಅಡ್ಡಗೆರೆ, 460 ಅಂತ ಇಂಗ್ಲಿಷ್ ಅಕ್ಷರದಲ್ಲಿ ಕೊಡಿ. ನೇರ ಅದೇ ಬರುತ್ತದೆ.

ನಂಬರಿನ ಮೊದಲು ಬರುವ ಅಕ್ಷರಕ್ಕೂ ಅರ್ಥ ಉಂಟು. ಟಿಆರ್ ಅಂದರೆ ಎಲ್ಲ ತಿದ್ದುಪಡಿ ಮುಗಿದು ಅಚ್ಚಾದ ಪಕ್ಕಾ ರಿಪೋರ್ಟು. ಟಿಎನ್ ಅಂದರೆ ಅದಕ್ಕಿಂತ ಸಣ್ಣದು, ಕೆಲವು ಸಲ ಮುಂದೆ ಟಿಆರ್ ಆಗಲಿಕ್ಕಿರುವುದು. ಟಿಎಂ ಹೆಚ್ಚಾಗಿ ಅನುವಾದಗಳು: ಜರ್ಮನ್, ಫ್ರೆಂಚ್, ಇಟಾಲಿಯನ್, ರಷ್ಯನ್‌ನಿಂದ. ಜರ್ಮನಿಯ ವಿಜ್ಞಾನಿ ಪ್ರಾಂಟ್ಲ್ 1904ರಲ್ಲಿ ಬೌಂಡರಿ ಲೇಯರ್ (ಮೈಗೆ ತಾಗಿ ಹರಿಯುವ ತೆಳು ಪದರ) ಬಗ್ಗೆ ಓದಿದ ಹೆಸರಾಂತ ಪ್ರಬಂಧ ಇಂಗ್ಲಿಷಿನಲ್ಲಿ ಬೇಕಾ? 1928ರ ಟಿಎಂ 452. ನನಗೆ ಇಷ್ಟವಾದ ಸರಣಿ ಇದೇ. ಬೇರೆಯವರು ಏನು ಮಾಡುತ್ತಿದ್ದಾರೆ ಅಂತ ಓದಲಿಕ್ಕೆ ಸರಕಾರ ದುಡ್ಡು ಕೊಟ್ಟು ಅನುವಾದ ಮಾಡಿಸಿದ್ದು, ಸಣ್ಣ ಮಾತಲ್ಲ.

ಆರ್‌ಎಂ ಅಂತಿದ್ದರೆ ಅದು ಯುದ್ಧದ ನಂತರದ್ದು. ಅದರಲ್ಲಿ ಜಾಸ್ತಿ ಪಾಲು ಒಂದು ಕಾಲದಲ್ಲಿ ಗುಪ್ತ. ಮೇಲೆ "ಕಾನ್ಫಿಡೆನ್ಷಿಯಲ್" ಅಂತ ಅಚ್ಚಾಗಿ, ಆಮೇಲೆ ಅದನ್ನು ಹೊಡೆದು ಹಾಕಿ ಸೀಲು ಒತ್ತಿರುತ್ತಾರೆ. ಇವುಗಳ ನಂಬರು ಬಸ್ ಟಿಕೇಟಿನ ಹಾಗೆ ಕಾಣುತ್ತದೆ. ಉದಾಹರಣೆಗೆ ಎಲ್52ಎಚ್08. ಎಲ್ ಅಂದರೆ ವರ್ಜೀನಿಯಾದ ಲ್ಯಾಂಗ್ಲಿ ಪ್ರಯೋಗಾಲಯ, 52 ಅಂದರೆ 1952, ಎಚ್ ಎಂಟನೇ ಅಕ್ಷರ, ಹಾಗಾಗಿ ಆಗಸ್ಟ್ ತಿಂಗಳು. ಮೊದಲ ಅಕ್ಷರ ಎ ಇದ್ದರೆ ಕ್ಯಾಲಿಫೋರ್ನಿಯಾದ ಏಮ್ಸ್, ಇ ಇದ್ದರೆ ಕ್ಲೀವ್‌ಲ್ಯಾಂಡಿನ ಎಂಜಿನ್ ಪ್ರಯೋಗಾಲಯ. ಈ ಎಲ್52ಎಚ್08 ರಿಚರ್ಡ್ ವಿಟ್‌ಕೂಂಬ್ ಅವರದ್ದು. ಶಬ್ದದ ವೇಗದ ಹತ್ತಿರ ಹೋಗುವ ವಿಮಾನದ ನಡುವನ್ನು ರೆಕ್ಕೆ ಇರುವ ಕಡೆ ಸಪೂರ ಮಾಡಬೇಕು ಅಂತ ತೋರಿಸಿದ್ದು. ಅದೇ ಕೆಲಸ 1956ರಲ್ಲಿ 1273ನೇ ಟಿಆರ್ ಆಗಿ ಬಹಿರಂಗವಾಯಿತು. ಒಂದೇ ಕೆಲಸಕ್ಕೆ ಎರಡು ನಂಬರು ಇರುವುದು ಮಾಮೂಲು. ಎರಡನ್ನೂ ಇಳಿಸಿಕೊಳ್ಳಿ.

460ನೇ ರಿಪೋರ್ಟು ತೆರೆದ ಮೇಲೆ ಹುಡುಗನಿಗೆ ಒಂದೇ ಪುಟ ತೋರಿಸಿದೆ. ದಪ್ಪದ ಸೂತ್ರ ಇರುವ ಪುಟ. ಅದರಲ್ಲಿ ಕೊನೆಯ ಗುಣಾಂಕ 0.1015. ಅವನ ಪ್ರೋಗ್ರಾಮಿನಲ್ಲೂ ಅದೇ. ಫ್ರೆಂಡಿಗೆ ಫೋನ್ ಮಾಡಿಸಿದೆ. ಅವನದ್ದು 0.1036!

ಫ್ರೆಂಡಿನ ಸೂತ್ರ ತಪ್ಪು ಅಂತಲ್ಲ. ತುದಿ ಕೂಡಲಿ ಅಂತ ಯಾರೋ ಆಮೇಲೆ ತಿದ್ದಿದ್ದು. ಐದೂ ಗುಣಾಂಕ ಕೂಡಿ ಕಳೆದು ನೋಡಿ: 0.2969ರಿಂದ 0.1260, 0.3516 ಕಳೆಯಿರಿ, 0.2843 ಕೂಡಿಸಿ, ಕೊನೆಗೆ 0.1036 ಕಳೆದರೆ ಸೊನ್ನೆ. 0.1015 ಕಳೆದರೆ 0.0021 ಉಳಿಯುತ್ತದೆ. ನಮ್ಮ ಹುಡುಗನ ರೆಕ್ಕೆ ಮುಂದಿನಿಂದ ಹಿಂದಕ್ಕೆ 20 ಸೆಂಟಿಮೀಟರ್, ದಪ್ಪ ಅದರ ಶೇಕಡಾ 12. ಸೂತ್ರ ಶೇಕಡಾ 20 ದಪ್ಪಕ್ಕೆ, ಅದೂ ಒಂದು ಬದಿಗೆ ಮಾತ್ರ. 12ಕ್ಕೆ ಇಳಿಸಿ, ಎರಡು ಬದಿಗೂ ಲೆಕ್ಕ ಹಾಕಿದರೆ ಬಾಯಿ ಸರಿಯಾಗಿ ಅರ್ಧ ಮಿಲಿಮೀಟರ್.

ಅದು ಬೇಕಂತಲೇ ಇಟ್ಟದ್ದು. ಸೂತ್ರದ ಹತ್ತಿರವೇ ನಾಲ್ಕು ಷರತ್ತು ಬರೆದಿದ್ದಾರೆ. ಶೇಕಡಾ 20 ದಪ್ಪದ ಮೂಲ ಆಕಾರಕ್ಕೆ ಗರಿಷ್ಠ ದಪ್ಪ ಮುಂದಿನಿಂದ ಶೇಕಡಾ 30ರಲ್ಲಿ ಇರಬೇಕು, ಹಿಂದಿನ ತುದಿಯಲ್ಲಿ ಎತ್ತರ 0.002 ಇರಬೇಕು, ಮತ್ತೆರಡು ತುದಿಯ ಕೋನಕ್ಕೆ, ಮೂಗಿನ ಆಕಾರಕ್ಕೆ. ನೆಟ್ಟಿನಲ್ಲಿ ಓಡಾಡುವ ಸೂತ್ರದ ಜತೆ ಷರತ್ತು ಬರುವುದಿಲ್ಲ. ಹುಡುಗ ಎರಡು ದಿನ ತಲೆ ಕೆಡಿಸಿಕೊಂಡದ್ದು ಅದಕ್ಕೇ.

ಇನ್ನು ಗ್ರಾಫಿನ ಪುಟಗಳು. ಇವನ್ನು ನೋಡುವಾಗ ಗೆರೆಗಿಂತ ಮೊದಲು ಕೆಳಗಿನ ಸಣ್ಣ ಅಕ್ಷರ ಓದಿ. ಮಾಡೆಲ್ಲಿನ ಅಳತೆ 5 ಇಂಚು, 30 ಇಂಚು ಅಂತ ಇರುತ್ತದೆ. ಅಂಗೈಗಿಂತ ತುಸು ಅಗಲದ ಡ್ಯೂರಾಲುಮಿನ್ (ಅಲ್ಯೂಮಿನಿಯಂ ಮಿಶ್ರಲೋಹ) ಪಟ್ಟಿ, ಅಷ್ಟೇ. ಅಷ್ಟು ಸಣ್ಣದನ್ನು ದೊಡ್ಡ ರೆಕ್ಕೆಯ ಹಾಗೆ ವರ್ತಿಸುವಂತೆ ಮಾಡಲಿಕ್ಕೆ, ಪರೀಕ್ಷೆ ಮಾಡುವ ಸುರಂಗದೊಳಗಿನ (ವಿಂಡ್ ಟನಲ್) ಗಾಳಿಯನ್ನು ಸುಮಾರು 20 ಪಟ್ಟು ಒತ್ತಿ ತುಂಬಿದ್ದರು. ಆ ಒತ್ತಡ, ಗಾಳಿಯ ವೇಗ, ಪರೀಕ್ಷೆ ಮಾಡಿದ ತಾರೀಕು, ಜಾಗ, ಪರೀಕ್ಷೆಯ ನಂಬರು, ಎಲ್ಲ ಅಲ್ಲಿರುತ್ತದೆ. ಜಾಗದ ಮುಂದೆ ಎಲ್‌ಎಂಎಎಲ್ ಅಂತಿದ್ದರೆ ಲ್ಯಾಂಗ್ಲಿ. ಈ ತಾರೀಕು ಮತ್ತು ಪರೀಕ್ಷೆಯ ನಂಬರು ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಒಂದು ಎಚ್ಚರಿಕೆ. ಅದೇ ಪುಟದಲ್ಲಿ ಎರಡು ಬಗೆಯ ಅಂಕಿ ಇರುತ್ತದೆ: ಉದ್ದ ಅಗಲದ 6 ಪಟ್ಟು ಇರುವ ಆ ರೆಕ್ಕೆಯದ್ದು ಒಂದು, ಕೊನೆಯೇ ಇಲ್ಲದ ರೆಕ್ಕೆಗೆ ಲೆಕ್ಕ ಹಾಕಿ ಬದಲಿಸಿದ್ದು ಇನ್ನೊಂದು. ಇದರ ಗೆರೆ ಅದಕ್ಕೆ ಹಾಕಿಕೊಂಡು ವೈವಾದಲ್ಲಿ ಸಿಕ್ಕಿಬಿದ್ದವರನ್ನು ನಾನು ನೋಡಿದ್ದೇನೆ. ಇನ್ನೂ ಒಂದು. ಆ ಒತ್ತಡದ ಸುರಂಗದಲ್ಲಿ ಗಾಳಿ ಜಾಸ್ತಿ ಕದಡಿರುತ್ತಿತ್ತು, ಅದು ಆಮೇಲೆ ಗೊತ್ತಾದ ವಿಷಯ. 1937ರ 586ನೇ ರಿಪೋರ್ಟಿನಲ್ಲಿ ಅದರ ತಿದ್ದುಪಡಿ ಸಿಗುತ್ತದೆ. ಹಾಗಾಗಿ ಅಂಕಿ ಬೇಕಾದರೆ 1945ರ 824ನೇ ರಿಪೋರ್ಟು ನೋಡಿ. ಅದು ಶಾಂತ ಗಾಳಿಯ ಸುರಂಗದ್ದು, ಮಾಡೆಲ್ 24 ಇಂಚಿನದ್ದು, ನಯವಾದ ಮೈಗೂ ಒರಟು ಮೈಗೂ ಬೇರೆ ಬೇರೆ ಗೆರೆ. ಆಕಾರಕ್ಕೆ 460, ಅಂಕಿಗೆ 824. ಹುಡುಗ ಇದನ್ನು ಕೈ ಮೇಲೆ ಬರೆದುಕೊಂಡ. ಬಸ್ ಸ್ಟ್ಯಾಂಡಿಗೆ ಹೋಗುವಷ್ಟರಲ್ಲಿ ಮಳೆಗೆ ಅಳಿಸಿಹೋಗಿರಬೇಕು.

ಇಲ್ಲಿಗೆ ಹೆಚ್ಚಿನವರ ಕೆಲಸ ಮುಗಿಯಿತು. ಆದರೆ ಕೆಲವರಿಗೆ ಅಚ್ಚಾದ ರಿಪೋರ್ಟು ಸಾಲುವುದಿಲ್ಲ. ಯಾಕೆ ಈ ಷರತ್ತು ಹಾಕಿದರು, ಯಾರು ಬೇಡ ಅಂದರು ಅಂತ ಗೊತ್ತಾಗಬೇಕು. ರಿಪೋರ್ಟು ಬಾಳೆಲೆಗೆ ಬಡಿಸಿದ ಊಟ. ಒಲೆಯ ಬುಡದಲ್ಲಿ ಏನಾಯಿತು ಅನ್ನುವುದು ಬೇರೆಯೇ ಕಡೆ ಇದೆ, ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿ. ಅಲ್ಲಿ ನಾಸಾ ಮತ್ತು ಎನ್‌ಎಸಿಎಯ ದಾಖಲೆಗಳೆಲ್ಲ ರೆಕಾರ್ಡ್ ಗ್ರೂಪ್ 255 ಅನ್ನುವ ಒಂದೇ ತಲೆಬರಹದ ಕೆಳಗೆ ಬರುತ್ತವೆ. ಆದರೆ ಎಲ್ಲವೂ ವಾಷಿಂಗ್ಟನ್‌ನಲ್ಲಿಲ್ಲ. ಲ್ಯಾಂಗ್ಲಿಯವು ಫಿಲಡೆಲ್ಫಿಯಾ ಶಾಖೆಯಲ್ಲಿ, ಏಮ್ಸ್‌ನವು ಸ್ಯಾನ್ ಫ್ರಾನ್ಸಿಸ್ಕೊ ಶಾಖೆಯಲ್ಲಿ, ಕ್ಲೀವ್‌ಲ್ಯಾಂಡಿನವು ಶಿಕಾಗೊದಲ್ಲಿ. ಮೊದಲ ಅಕ್ಷರ ನೋಡಿ ಅಂದದ್ದು ಇದಕ್ಕೇ. ಎಲ್ ಇದ್ದರೆ ಫಿಲಡೆಲ್ಫಿಯಾಕ್ಕೆ ಈಮೇಲ್.

ಈಮೇಲ್‌ನಲ್ಲಿ "ಏರ್‌ಫಾಯಿಲ್ ಬಗ್ಗೆ ಇರುವುದೆಲ್ಲ ಕಳಿಸಿ" ಅಂತ ಬರೆಯಬೇಡಿ. ನನ್ನ ಕೌಂಟರಿಗೆ ಬಂದು "ಸರ್, ಒಂದು ಒಳ್ಳೆಯ ಪುಸ್ತಕ ಕೊಡಿ" ಅಂದವರ ಪಾಡೇ ಆಗುತ್ತದೆ. ಗ್ರೂಪ್ ನಂಬರು, ಪ್ರಯೋಗಾಲಯ, ರಿಪೋರ್ಟಿನ ನಂಬರು, ಪರೀಕ್ಷೆಯ ತಾರೀಕು, ಇಷ್ಟು ಕೊಡಿ. ಲ್ಯಾಂಗ್ಲಿಯಲ್ಲಿ ಒಂದೊಂದು ಸಂಶೋಧನೆಗೂ ವಾಷಿಂಗ್ಟನ್‌ನಿಂದ ಮಂಜೂರಾತಿ ಬರಬೇಕಿತ್ತು. ಅದಕ್ಕೆ ರಿಸರ್ಚ್ ಆಥರೈಸೇಷನ್ ಅಂತ ಹೆಸರು, ಅದಕ್ಕೊಂದು ನಂಬರು. ಪತ್ರ, ಟಿಪ್ಪಣಿ, ಕರಡು ಎಲ್ಲ ಆ ನಂಬರಿನ ಫೈಲಿನಲ್ಲಿ. ಅದು ಸಿಕ್ಕಿದರೆ ಅರ್ಧ ಕೆಲಸ ಮುಗಿದ ಹಾಗೆ. ಮೊದಲ ಪತ್ರದಲ್ಲೇ ಕಾಪಿ ಕೇಳಬೇಡಿ. ಪೆಟ್ಟಿಗೆ ಮತ್ತು ಫೋಲ್ಡರುಗಳ ಪಟ್ಟಿ ಕೇಳಿ. ಪಟ್ಟಿ ನೋಡಿ, ಬೇಕಾದ ಎರಡೇ ಫೋಲ್ಡರಿಗೆ ಎಷ್ಟಾಗುತ್ತದೆ ಅಂತ ಆಮೇಲೆ ಕೇಳಿ. ಪುಟಕ್ಕಿಷ್ಟು ಅಂತ ಡಾಲರ್ ಲೆಕ್ಕ. ನಮ್ಮ ಜೆರಾಕ್ಸ್ ಅಂಗಡಿಯ ರೇಟಲ್ಲ.

ಕರಡುಗಳು ಸಿಕ್ಕಿದರೆ ಅಂಚಿನ ಟಿಪ್ಪಣಿ ಬಿಡಬೇಡಿ. ಲ್ಯಾಂಗ್ಲಿಯಲ್ಲಿ ರಿಪೋರ್ಟು ಅಚ್ಚಿಗೆ ಹೋಗುವ ಮೊದಲು ಸಂಪಾದಕೀಯ ಸಮಿತಿ ಕೂತು ಜಾಲಾಡುತ್ತಿತ್ತು. ಅಲ್ಲಿನ ಮುಖ್ಯ ತಾಂತ್ರಿಕ ಸಂಪಾದಕಿ ಪರ್ಲ್ ಯಂಗ್, 1922ರಲ್ಲಿ ಭೌತವಿಜ್ಞಾನಿಯಾಗಿ ಸೇರಿದವರು. ಎಂಜಿನಿಯರುಗಳು ಹೇಗೆ ಬರೆಯಬೇಕು ಅಂತ ಅವರಿಗೇ ಕೈಪಿಡಿ ಬರೆದುಕೊಟ್ಟ ಹೆಂಗಸು. 1935ರಿಂದ ಅಲ್ಲಿ ಲೆಕ್ಕ ಹಾಕಿ ಗ್ರಾಫಿನ ಚುಕ್ಕಿ ಇಡಲಿಕ್ಕೆ ಹೆಂಗಸರ ತಂಡವೇ ಇತ್ತು. ರಿಪೋರ್ಟಿನ ಮುಖಪುಟದಲ್ಲಿ ಅವರನ್ನು ಹುಡುಕಿದರೆ ಸಿಗುವುದು ಕಷ್ಟ.

ನಮ್ಮ ದೇಶದ್ದು ಬೇಕಾದವರಿಗೆ ಬೆಂಗಳೂರಿನ ಎನ್‌ಎಎಲ್ (ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್) ಇದೆ, 1959ರಲ್ಲಿ ಶುರುವಾದದ್ದು. ಅವರ ಪ್ರಬಂಧಗಳ ಆನ್‌ಲೈನ್ ಭಂಡಾರ ಉಂಟು. ಕಡತಗಳ ವಿಷಯಕ್ಕೆ ಬಂದರೆ 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಓದಿಕೊಂಡು ಹೊರಡಿ. ಅದು ಬೇರೆಯೇ ದಾರಿ.

1993 ಅಂದಾಗ ನೆನಪಾಯಿತು. ಎನ್‌ಟಿಆರ್‌ಎಸ್‌ನಲ್ಲಿ ಎನ್‌ಎಸಿಎ ರಿಪೋರ್ಟುಗಳ ಐಡಿ ಹೆಚ್ಚಾಗಿ 1993ರಿಂದ ಶುರುವಾಗುತ್ತದೆ. ಅದು ಪಟ್ಟಿಗೆ ಸೇರಿಸಿದಾಗ ಕೊಟ್ಟ ನಂಬರು, ರಿಪೋರ್ಟಿನ ವರ್ಷ ಅಲ್ಲ. ಒಬ್ಬಳು ಹುಡುಗಿ ಪ್ರಾಜೆಕ್ಟಿನಲ್ಲಿ ಜೇಕಬ್ಸ್ ಅವರ ಹೆಸರಿನ ಮುಂದೆ 1993 ಅಂತ ಹಾಕಿದ್ದಳು. ಬೈಂಡಿಂಗ್ ಆಗಿ ಬಂಗಾರದ ಅಕ್ಷರವೂ ಬಿದ್ದಾಗಿತ್ತು.

ಸಿಕ್ಕಿದ್ದನ್ನು ಅವತ್ತೇ ಇಳಿಸಿಟ್ಟುಕೊಳ್ಳಿ. ನಾಳೆ ನೋಡುವ ಅನ್ನಬೇಡಿ. 2013ರ ಮಾರ್ಚ್‌ನಲ್ಲಿ ಎನ್‌ಟಿಆರ್‌ಎಸ್ ಅನ್ನೇ ಪರಿಶೀಲನೆಗೆಂದು ಕೆಲವು ವಾರ ಮುಚ್ಚಿದ್ದರು. ನಮ್ಮ ಕಾಲೇಜಿನ ಕಥೆ ಇನ್ನೂ ಸಣ್ಣದು. ಜೆರಾಕ್ಸ್ ಮಾಡಿ ಬೈಂಡ್ ಮಾಡಿಸಿದ ರಿಪೋರ್ಟುಗಳ ಒಂದು ಕಪಾಟಿತ್ತು. ಒಂದು ಮಳೆಗಾಲ ಮಾಡು ಸೋರಿತು, ಬೂಷ್ಟು ಹಿಡಿಯಿತು, ಬಿಸಿಲಿಗೆ ಒಣಗಿಸುವ ಅಂದೆ. ನಾನು ಎರಡು ದಿನ ರಜೆ ಹಾಕಿ ಬರುವಷ್ಟರಲ್ಲಿ ಗುಜರಿಯವನಿಗೆ ತೂಕಕ್ಕೆ ಹಾಕಿಯಾಗಿತ್ತು. ಈಗ ನನ್ನ ಹತ್ತಿರ ಇರುವುದು ಒಂದು ಹಾರ್ಡ್ ಡಿಸ್ಕ್. ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಸ್ಟೀಲ್ ಡಬ್ಬಿಯಲ್ಲಿ, ಹಪ್ಪಳದ ಡಬ್ಬಿಯ ಪಕ್ಕ. ಫೈಲಿಗೆ ಹೆಸರಿಡುವಾಗ ಸರಣಿ, ನಂಬರು, ವರ್ಷ, ಮೊದಲ ಲೇಖಕ, ಈ ಕ್ರಮದಲ್ಲಿ ಇಡಿ. "ಡೌನ್‌ಲೋಡ್ 7" ಅಂತ ಬಿಟ್ಟರೆ ಆಮೇಲೆ ದೇವರೇ ಗತಿ.

ಮೊನ್ನೆ ಹುಡುಗ ಫೋನ್ ಮಾಡಿದ್ದ. ರೆಕ್ಕೆ ಕತ್ತರಿಸಿ ಆಯಿತಂತೆ, ಅರ್ಧ ಮಿಲಿಮೀಟರ್ ಬಾಯಿ ಹಾಗೇ ಬಿಟ್ಟು. ಅಷ್ಟು ತೆಳ್ಳಗೆ ಥರ್ಮಾಕೋಲು ನಿಲ್ಲದೆ ಉದುರುತ್ತಿತ್ತು, ಮೇಲಿಂದ ಟೇಪು ಸುತ್ತಿದ್ದಾನೆ. "ಮಾವ, ಟೇಪಿನ ದಪ್ಪಕ್ಕೆ ಯಾವ ರಿಪೋರ್ಟು?" ಅಂತ ಕೇಳಿದ.