ಫ್ಯಾನ್ ಇಲ್ಲದೆ ಮುಚ್ಚಿದ ಪೆಟ್ಟಿಗೆಯನ್ನು ತಂಪಾಗಿಟ್ಟ ಬಗೆ

ಮೋಟರ್ ನಡೆಸುವ ಡ್ರೈವರ್ ಸರ್ಕ್ಯೂಟ್ ಒಂದನ್ನು ಬಯಲಿನಲ್ಲಿ ಇಡಬೇಕಿತ್ತು. ಮಳೆ ನೀರು, ದೂಳು ಎರಡೂ ಒಳಗೆ ಹೋಗಬಾರದು. ಹಾಗಾಗಿ ಗ್ಯಾಸ್ಕೆಟ್ ಹಾಕಿ ಪೂರ್ತಿ ಮುಚ್ಚಿದ ಅಲ್ಯೂಮಿನಿಯಂ ಪೆಟ್ಟಿಗೆ. 300 ಮಿ.ಮೀ. ಎತ್ತರ, 200 ಅಗಲ, 120 ಆಳ, 2 ಮಿ.ಮೀ. ದಪ್ಪದ ತಗಡು. ಒಳಗೆ ಹುಟ್ಟುವ ಶಾಖ ಸುಮಾರು 30 ವ್ಯಾಟ್. ಫ್ಯಾನ್ ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಯಾರೂ ದಿನಾ ಹೋಗಿ ನೋಡದ ಜಾಗದಲ್ಲಿ ಫ್ಯಾನಿನ ಬೇರಿಂಗ್ ಸವೆದು ನಿಂತರೆ ಅದರ ಹಿಂದೆಯೇ ಡ್ರೈವರ್ ಕೂಡ ಸುಡುತ್ತದೆ.

30 ವ್ಯಾಟ್ ಕೇಳಲು ಚಿಕ್ಕದು. ಆದರೆ ಅದು ಪ್ರತಿ ಸೆಕೆಂಡಿಗೆ 30 ಜೂಲ್, ಬಿಡುವಿಲ್ಲದೆ. ಹೊರಗೆ ಹೋಗುವ ಶಾಖ ಒಳಗೆ ಹುಟ್ಟುವ ಶಾಖಕ್ಕೆ ಸಮ ಆಗುವವರೆಗೂ ಪೆಟ್ಟಿಗೆಯ ಬಿಸಿ ಏರುತ್ತಲೇ ಇರುತ್ತದೆ. ಅಂದರೆ ಆ 30 ವ್ಯಾಟ್ ಹೇಗಿದ್ದರೂ ಹೊರಗೆ ಹೋಗೇ ಹೋಗುತ್ತದೆ. ಎಷ್ಟು ಡಿಗ್ರಿ ಏರಿದ ಮೇಲೆ ಹೋಗುತ್ತದೆ, ಅಷ್ಟು ಬಿಸಿಯನ್ನು ಒಳಗಿನ ಬಿಡಿಭಾಗಗಳು ತಡೆಯುತ್ತವೆಯೇ ಅನ್ನುವುದನ್ನು ನಾವು ನೋಡಬೇಕು.

ಇಂಥ ಕೆಲಸ ಅಂದ ತಕ್ಷಣ ಎಲ್ಲರೂ ಹೇಳುವುದು ಒಂದೇ: ದೊಡ್ಡ ಹೀಟ್ ಸಿಂಕ್ (ಶಾಖ ಎಳೆದುಕೊಂಡು ಗಾಳಿಗೆ ಬಿಡುವ ಲೋಹದ ತುಂಡು) ಹಾಕಿ, ಆಗದಿದ್ದರೆ ತಾಮ್ರದ್ದು ಹಾಕಿ. ನಾನು ಏನನ್ನೂ ಸೇರಿಸುವ ಮೊದಲು ಶಾಖ ಹೋಗುವ ದಾರಿಯನ್ನು ಕಾಗದದ ಮೇಲೆ ಬರೆಯುತ್ತೇನೆ. ಚಿಪ್‌ನಿಂದ ಅದರ ಲೋಹದ ತಳಕ್ಕೆ, ತಳದಿಂದ ಹೀಟ್ ಸಿಂಕ್‌ಗೆ, ಅಲ್ಲಿಂದ ಒಳಗಿನ ಗಾಳಿಗೆ, ಗಾಳಿಯಿಂದ ಪೆಟ್ಟಿಗೆಯ ಗೋಡೆಗೆ, ಗೋಡೆಯಿಂದ ಹೊರಗಿನ ಗಾಳಿಗೆ. ಪ್ರತಿ ಹಂತದಲ್ಲೂ ಒಂದು ಉಷ್ಣ ಪ್ರತಿರೋಧ ಇರುತ್ತದೆ. ಅದನ್ನು ಅಳೆಯುವ ಮಾನ, ಒಂದು ವ್ಯಾಟ್‌ಗೆ ಎಷ್ಟು ಡಿಗ್ರಿ ಅನ್ನುವುದು. ನೀರಿನ ಕೊಳವೆ ಒಂದೇ ಕಡೆ ಕಿರಿದಾಗಿದ್ದರೆ ಉಳಿದ ಕಡೆ ಎಷ್ಟು ಅಗಲ ಮಾಡಿದರೂ ಹರಿವು ಹೆಚ್ಚದು. ಇದೂ ಹಾಗೆಯೇ. ಅತಿ ದೊಡ್ಡ ಪ್ರತಿರೋಧ ಎಲ್ಲಿದೆ ಅಂತ ತಿಳಿಯದೆ ಬೇರೆ ಕಡೆ ಮಾಡುವ ಕೆಲಸವೆಲ್ಲ ದಂಡ.

ಅದನ್ನು ತಿಳಿಯಲು ಅಳೆಯಲೇಬೇಕು. ತಾಪಮಾನ ಅಳೆಯುವ ತಂತಿಗಳಾದ ಕೆ ಟೈಪ್ ಥರ್ಮೋಕಪಲ್‌ಗಳನ್ನು ಹಂತಕ್ಕೊಂದರಂತೆ ಕೂರಿಸಿದೆ. ತಂತಿ ತೆಳುವಾಗಿರಬೇಕು. ದಪ್ಪ ತಂತಿ ತಾನೇ ಶಾಖ ಎಳೆದುಕೊಂಡು ಕಡಿಮೆ ತೋರಿಸುತ್ತದೆ. ತುದಿಗೆ ಸ್ವಲ್ಪ ಥರ್ಮಲ್ ಪೇಸ್ಟ್ (ಸಂದಿ ತುಂಬಿ ಶಾಖ ದಾಟಿಸುವ ಲೇಪ) ಹಚ್ಚಿ, ಮೇಲೆ ಶಾಖ ತಡೆಯುವ ಟೇಪ್ ಅಂಟಿಸಿ, ತಂತಿಯನ್ನು ಒಂದೆರಡು ಸೆಂಟಿಮೀಟರ್ ಅದೇ ಮೇಲ್ಮೈ ಉದ್ದಕ್ಕೂ ಓಡಿಸಿ ಆಮೇಲೆ ಹೊರಗೆ ತರುತ್ತೇನೆ.

ಥರ್ಮಲ್ ಕ್ಯಾಮೆರಾ ಇದ್ದರೆ ಇಷ್ಟೆಲ್ಲಾ ಯಾಕೆ ಅಂತ ಕೇಳಬಹುದು. ಹೊಳೆಯುವ ಅಲ್ಯೂಮಿನಿಯಂ ಮೇಲೆ ಆ ಕ್ಯಾಮೆರಾವನ್ನು ನಂಬುವಂತಿಲ್ಲ. ಅಂಥ ಮೇಲ್ಮೈ ತಾನು ಬಿಡುವ ವಿಕಿರಣ ತೀರಾ ಕಡಿಮೆ, ಸುತ್ತಲಿನದನ್ನು ಪ್ರತಿಫಲಿಸುವುದೇ ಜಾಸ್ತಿ. 60 ಡಿಗ್ರಿ ಇರುವ ಗೋಡೆಯನ್ನು ಕ್ಯಾಮೆರಾ 30 ಅಂತ ತೋರಿಸಬಹುದು. ಕಪ್ಪು ಇನ್ಸುಲೇಷನ್ ಟೇಪಿನ ಒಂದು ತುಂಡು ಅಂಟಿಸಿ, ಅದರ ಮೇಲೆ ಗುರಿಯಿಟ್ಟರೆ ಸರಿಯಾದ ಸಂಖ್ಯೆಗೆ ತುಂಬಾ ಹತ್ತಿರ ಸಿಗುತ್ತದೆ.

ಇನ್ನು ತಾಳ್ಮೆ. ಪೆಟ್ಟಿಗೆ ಮತ್ತು ಒಳಗಿನ ಲೋಹ ಸೇರಿ ಎರಡು ಕಿಲೋ ಅಂದುಕೊಳ್ಳಿ. ಒಂದು ಕಿಲೋ ಅಲ್ಯೂಮಿನಿಯಂ ಒಂದು ಡಿಗ್ರಿ ಏರಲು ಸುಮಾರು 900 ಜೂಲ್ ಬೇಕು. ಹೊರಗಿನ ಗಾಳಿಗೆ ಇರುವ ಪ್ರತಿರೋಧ ವ್ಯಾಟ್‌ಗೆ 0.7 ಡಿಗ್ರಿ ಆದರೆ ಬಿಸಿ ಎಷ್ಟು ನಿಧಾನ ಏರುತ್ತದೆ ಅನ್ನುವುದರ ಅಳತೆಯಾದ ಕಾಲ ಸ್ಥಿರಾಂಕ 2×900×0.7, ಅಂದರೆ 1,260 ಸೆಕೆಂಡು, ಅಂದರೆ 21 ನಿಮಿಷ. ಅಷ್ಟು ಹೊತ್ತಿಗೆ ಏರಿಕೆಯ 63 ಶೇಕಡಾ ಮಾತ್ರ ಆಗಿರುತ್ತದೆ. ಐದು ಕಾಲ ಸ್ಥಿರಾಂಕ ಕಳೆದರೆ 99 ಶೇಕಡಾ. ಹತ್ತು ನಿಮಿಷ ಓಡಿಸಿ ಮುಟ್ಟಿ ನೋಡಿ "ಪರವಾಗಿಲ್ಲ, ಬೆಚ್ಚಗಿದೆ" ಅನ್ನುವುದರಿಂದ ಏನೂ ತಿಳಿಯದು. ನಾನು ಎರಡು ಗಂಟೆ ಬಿಟ್ಟು ಓದುತ್ತೇನೆ.

ಕೋಣೆ 27 ಡಿಗ್ರಿ ಇದ್ದಾಗ ಸಿಕ್ಕ ಸಂಖ್ಯೆಗಳು ಹೀಗಿದ್ದವು. ಹೊರಗೋಡೆ 49. ಒಳಗಿನ ಗಾಳಿ 68. ಹೀಟ್ ಸಿಂಕ್ 104. ಚಿಪ್‌ನ ಒಳಗೆ ಇನ್ನೂ 15 ಡಿಗ್ರಿ ಸೇರುತ್ತದೆ. ಆ ಭಾಗ ತಯಾರಕರ ಕೈಯಲ್ಲಿದೆ, ನನ್ನ ಕೈಯಲ್ಲಿಲ್ಲ. ಹೊರಗಿನ ಗಾಳಿ 45ಕ್ಕೆ ಹೋದರೆ ಚಿಪ್ 137. ಬಿಸಿಲೂ ಸೇರಿದರೆ 150ರ ಮಿತಿಗೆ ತೀರಾ ಹತ್ತಿರ.

ಈ ಮೆಟ್ಟಿಲುಗಳನ್ನು ಗಮನಿಸಿ. ಹೀಟ್ ಸಿಂಕ್‌ನಿಂದ ಒಳಗಾಳಿಗೆ 36 ಡಿಗ್ರಿ. ಒಳಗಾಳಿಯಿಂದ ಗೋಡೆಗೆ 19. ಎರಡೂ ಸೇರಿ 55. ಶಾಖ ಲೋಹದಿಂದ ಗಾಳಿಗೆ ಇಳಿದು, ಮತ್ತೆ ಗಾಳಿಯಿಂದ ಲೋಹಕ್ಕೆ ಹತ್ತಬೇಕು. ಗಾಳಿಯ ಉಷ್ಣ ವಾಹಕತೆ ಮೀಟರಿಗೆ ಡಿಗ್ರಿಗೆ 0.026 ವ್ಯಾಟ್. ಅಲ್ಯೂಮಿನಿಯಂನದು ಮಿಶ್ರಲೋಹ ನೋಡಿಕೊಂಡು 140ರಿಂದ 200ರ ಆಸುಪಾಸು. ತಾನಾಗಿಯೇ ಮೇಲೇಳುವ ಗಾಳಿ ಚದರ ಮೀಟರಿಗೆ ಪ್ರತಿ ಡಿಗ್ರಿಗೆ ಸುಮಾರು 5 ವ್ಯಾಟ್ ಮಾತ್ರ ಹೊತ್ತೊಯ್ಯುತ್ತದೆ. ಇಂಥ ಗಾಳಿಯನ್ನು ಒಂದೇ ದಾರಿಯಲ್ಲಿ ಮೂರು ಸಲ ದಾಟಿಸುತ್ತಿದ್ದೆವು: ಒಳಗೆ ಎರಡು ಸಲ, ಹೊರಗೆ ಒಂದು ಸಲ. ಹೊರಗಿನದು ತಪ್ಪಿಸಲಾಗದು. ಒಳಗಿನ ಎರಡು ಬೇಕೇ ಇಲ್ಲ!

ಹೀಟ್ ಸಿಂಕ್ ತೆಗೆದೇ ಹಾಕಿದೆ. ಆ ಚಿಪ್ ಇರುವ ಪವರ್ ಮಾಡ್ಯೂಲನ್ನು ನೇರವಾಗಿ ಹಿಂಬದಿಯ ಗೋಡೆಗೆ ಬಿಗಿದೆ. ತಳ 40 ಮಿ.ಮೀ. ಚೌಕದ್ದು, ಒಳಗೇ ವಿದ್ಯುತ್ ನಿರೋಧ ಇರುವಂಥದ್ದು. ಇಲ್ಲದಿದ್ದರೆ ನಡುವೆ ಮೈಕಾ ಅಥವಾ ಸಿಲಿಕೋನ್ ಪ್ಯಾಡ್ ಬೇಕಾಗುತ್ತಿತ್ತು, ಅದು ಮತ್ತೊಂದು ಮೆಟ್ಟಿಲು.

ಇಲ್ಲಿ ಪೇಸ್ಟ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಇದರಲ್ಲಿ ಗೊಂದಲ ಜಾಸ್ತಿ. ಎರಡು ಲೋಹದ ಮೇಲ್ಮೈ ಕಣ್ಣಿಗೆ ಎಷ್ಟೇ ಸಪಾಟಾಗಿ ಕಂಡರೂ ನಿಜವಾಗಿ ತಾಗುವುದು ಅಲ್ಲಲ್ಲಿ ಚುಕ್ಕೆಗಳಂತೆ. ಉಳಿದ ಜಾಗದಲ್ಲಿ ಗಾಳಿ. 40 ಮಿ.ಮೀ. ಚೌಕದ ಇಡೀ ಜಾಗದಲ್ಲಿ 0.05 ಮಿ.ಮೀ. ಗಾಳಿ ಇದೆ ಅಂತ ಲೆಕ್ಕ ಹಾಕಿದರೆ 30 ವ್ಯಾಟ್‌ಗೆ 36 ಡಿಗ್ರಿ ಬರುತ್ತದೆ. ತಾಗುವ ಚುಕ್ಕೆಗಳಿಂದ ನಿಜದಲ್ಲಿ ಇದಕ್ಕಿಂತ ಕಡಿಮೆ ಇರುತ್ತದೆ, ಆದರೂ ಭಯ ಹುಟ್ಟಿಸುವ ಸಂಖ್ಯೆ ಅಲ್ವಾ? ಅದೇ ಜಾಗದಲ್ಲಿ ವಾಹಕತೆ 1 ಇರುವ ಸಾಧಾರಣ ಪೇಸ್ಟ್ 0.1 ಮಿ.ಮೀ. ದಪ್ಪಕ್ಕೆ ಇದ್ದರೆ ಬರೀ 2 ಡಿಗ್ರಿ. ಪೇಸ್ಟನ್ನೇ ಅರ್ಧ ಮಿ.ಮೀ. ದಪ್ಪ ಬಳಿದರೆ 9 ಡಿಗ್ರಿ. ಪೇಸ್ಟ್ ಇರುವುದು ಗಾಳಿಯನ್ನು ಓಡಿಸಲು, ಲೋಹದ ಬದಲಿಗೆ ಅಲ್ಲ. ನಡುವೆ ಒಂದು ಬಟಾಣಿ ಗಾತ್ರದಷ್ಟು ಇಟ್ಟು, ಸ್ಕ್ರೂಗಳನ್ನು ಕರ್ಣದ ಮೂಲೆಗಳಲ್ಲಿ ಸ್ವಲ್ಪಸ್ವಲ್ಪವಾಗಿ ಬಿಗಿಯುತ್ತಾ ಹೋದರೆ ಒತ್ತಡಕ್ಕೆ ತಾನೇ ತೆಳುವಾಗಿ ಹರಡುತ್ತದೆ. ಒಮ್ಮೆ ಬಿಚ್ಚಿ ಗುರುತು ನೋಡಿ, ಎಲ್ಲಾ ಮೂಲೆಗೂ ತಲುಪಿದೆಯೇ ಅಂತ ಖಾತ್ರಿ ಮಾಡಿಕೊಂಡು, ಒರೆಸಿ, ಹೊಸದಾಗಿ ಹಚ್ಚಿ ಕೂರಿಸಿದೆ. ದುಬಾರಿ ಪೇಸ್ಟ್ ತಂದರೆ ಆ 2 ಡಿಗ್ರಿ ಅರ್ಧ ಡಿಗ್ರಿ ಆಗಬಹುದು. ಈ ಪೆಟ್ಟಿಗೆಗೆ ಅದು ಲೆಕ್ಕಕ್ಕೇ ಬರುವುದಿಲ್ಲ.

ತಾಮ್ರದ ಲೆಕ್ಕವೂ ಇಂಥದ್ದೇ. ಮಾಡ್ಯೂಲ್ ಕೆಳಗೆ ಗೋಡೆಯ ದಪ್ಪವನ್ನು ದಾಟಲು ಅಲ್ಯೂಮಿನಿಯಂನಲ್ಲಿ ಬೀಳುವುದು ಅರ್ಧ ಡಿಗ್ರಿಗಿಂತ ಕಡಿಮೆ. ತಾಮ್ರದ ವಾಹಕತೆ 400ರ ಹತ್ತಿರ ಇದ್ದರೂ ಉಳಿಸುವುದಕ್ಕೆ ಅಲ್ಲಿ ಏನೂ ಇಲ್ಲ. ಆದರೆ ಅಡ್ಡಡ್ಡ ಹರಡುವ ವಿಷಯ ಬೇರೆ. ಚಿಕ್ಕ ಚೌಕದಿಂದ ಹೊರಟ ಶಾಖ ತೆಳು ತಗಡಿನ ಅಂಚಿನವರೆಗೂ ಹೋಗಬೇಕು. ಮಾಡ್ಯೂಲ್ ಹತ್ತಿರದ ಗೋಡೆಗೂ ದೂರದ ಗೋಡೆಗೂ 12 ಡಿಗ್ರಿ ವ್ಯತ್ಯಾಸ ಕಂಡಿತು. ದೂರದ ಗೋಡೆ ತಣ್ಣಗಿದೆ ಅಂದರೆ ಅದು ಕೆಲಸ ಮಾಡುತ್ತಿಲ್ಲ ಅಂತಲೇ ಅರ್ಥ. ಮಾಡ್ಯೂಲ್ ಮತ್ತು ಗೋಡೆಯ ನಡುವೆ 10 ಮಿ.ಮೀ. ದಪ್ಪದ, 150 ಮಿ.ಮೀ. ಚೌಕದ ಅಲ್ಯೂಮಿನಿಯಂ ಪ್ಲೇಟ್ ಸೇರಿಸಿದೆ. ವ್ಯತ್ಯಾಸ 5 ಡಿಗ್ರಿಗೆ ಇಳಿಯಿತು.

ಈಗ ಉಳಿದದ್ದು ಗೋಡೆಯಿಂದ ಹೊರಗಿನ ಗಾಳಿಗೆ ಇದ್ದ 22 ಡಿಗ್ರಿ. ಫಿನ್ (ಗಾಳಿಗೆ ತಾಗುವ ಜಾಗ ಹೆಚ್ಚಿಸುವ ತೆಳು ಲೋಹದ ರೆಕ್ಕೆ) ಸೇರಿಸುವ ಮೊದಲು ನಾನು ನೋಡಿದ್ದು ಬಣ್ಣವನ್ನು.

ಬಿಸಿಯಾದ ವಸ್ತು ಗಾಳಿಗೆ ಕೊಡುವುದರ ಜೊತೆಗೆ ವಿಕಿರಣವಾಗಿಯೂ ಶಾಖ ಬಿಡುತ್ತದೆ. ಅದು ತಾಪಮಾನದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ ಅಂತ ಜೋಸೆಫ್ ಸ್ಟೆಫಾನ್ 1879ರಲ್ಲಿ ತೋರಿಸಿದರು. ಕೆಂಪಗೆ ಕಾದ ಕಬ್ಬಿಣಕ್ಕೆ ಮಾತ್ರ ಇದು ಅನ್ವಯ, ನಮ್ಮ 40–50 ಡಿಗ್ರಿಗೆ ನಗಣ್ಯ ಅನ್ನುವ ನಂಬಿಕೆ ಹಲವರಲ್ಲಿದೆ. ಲೆಕ್ಕ ಹಾಗೆ ಹೇಳುವುದಿಲ್ಲ. ಬಣ್ಣ ಹಚ್ಚಿದ ಮೇಲ್ಮೈಯಿಂದ ಈ ತಾಪಮಾನದಲ್ಲಿ ಚದರ ಮೀಟರಿಗೆ ಪ್ರತಿ ಡಿಗ್ರಿಗೆ ಸುಮಾರು 6 ವ್ಯಾಟ್ ವಿಕಿರಣದಿಂದಲೇ ಹೋಗುತ್ತದೆ. ಗಾಳಿ ಒಯ್ಯುವ 5ಕ್ಕಿಂತ ಅದೇ ಜಾಸ್ತಿ! ಬರೀ ಅಲ್ಯೂಮಿನಿಯಂ ಬಿಡುವುದು ಅದರ ಹತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ. ಅಂದರೆ ಬಣ್ಣ ಬಳಿಯುವುದರಿಂದಲೇ ಏರಿಕೆ ಅರ್ಧದಷ್ಟು ಇಳಿಯಬೇಕು. ಬಳಿದು ಅಳೆದೆ. 22 ಇದ್ದದ್ದು 12 ಆಯಿತು. ಒಂದೇ ಒಂದು ಫಿನ್ ಸೇರಿಸದೆ.

ಬಣ್ಣದ ಪದರ ಶಾಖವನ್ನು ತಡೆಯುವುದಿಲ್ಲವೇ? ತಡೆಯುತ್ತದೆ, ಆದರೆ ಎಲ್ಲಿ ಅನ್ನುವುದು ಮುಖ್ಯ. 0.1 ಮಿ.ಮೀ. ದಪ್ಪದ ಬಣ್ಣ ಇಡೀ ಪೆಟ್ಟಿಗೆಯ 0.24 ಚದರ ಮೀಟರ್ ಮೇಲೆ ಇದ್ದಾಗ ಬೀಳುವುದು ಡಿಗ್ರಿಯ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಅದೇ ಬಣ್ಣ ಮಾಡ್ಯೂಲ್ ತಳದ ಕೆಳಗೆ ಸಿಕ್ಕಿಕೊಂಡರೆ 9 ಡಿಗ್ರಿ. ಆದ್ದರಿಂದ ಬಣ್ಣ ಹಚ್ಚುವಾಗ ಲೋಹ ಲೋಹಕ್ಕೆ ತಾಗುವ ಜಾಗಕ್ಕೆಲ್ಲ ಟೇಪ್ ಹಾಕಿ ಮುಚ್ಚಿದ್ದೆ.

ಯಾವ ಬಣ್ಣ? ಹೀಟ್ ಸಿಂಕ್ ಅಂದರೆ ಕಪ್ಪು ಅನ್ನುವ ರೂಢಿ ಇದೆ. ಕೋಣೆಯೊಳಗೆ ಕಪ್ಪೂ ಒಂದೇ, ಬಿಳಿಯೂ ಒಂದೇ. ಈ ತಾಪಮಾನದ ವಿಕಿರಣ ಕಣ್ಣಿಗೆ ಕಾಣದ ಇನ್ಫ್ರಾರೆಡ್. ಅದರಲ್ಲಿ ಬಿಳಿ ಬಣ್ಣವೂ ಕಪ್ಪಿನಷ್ಟೇ ಚೆನ್ನಾಗಿ ಬಿಡುತ್ತದೆ, ಪೂರ್ತಿಯಾಗಿ ಬಿಡುವ ಮೇಲ್ಮೈಯನ್ನು 1 ಅಂದರೆ ಎರಡೂ 0.9ರ ಹತ್ತಿರ. ಬಿಸಿಲಿಗೆ ಹೋದಾಗ ಮಾತ್ರ ಎರಡೂ ಬೇರೆ. ನೆತ್ತಿಯ ಮೇಲಿನ ಬಿಸಿಲು ಚದರ ಮೀಟರಿಗೆ ಸುಮಾರು 1,000 ವ್ಯಾಟ್. 300×200ರ ಮುಖದ ಮೇಲೆ ನೇರ ಬಿದ್ದರೆ 60 ವ್ಯಾಟ್. ಕಪ್ಪು ಅದರಲ್ಲಿ 54ಕ್ಕಿಂತ ಹೆಚ್ಚು ಹೀರುತ್ತದೆ. ಒಳಗಿನ ಸರ್ಕ್ಯೂಟ್ ಹುಟ್ಟಿಸುವುದೇ 30! ಬಿಳಿ ಹೀರುವುದು ಕಾಲು ಭಾಗ, 15 ವ್ಯಾಟ್. ಹಾಗಾಗಿ ಬಿಳಿ ಬಣ್ಣ. ಅದರ ಜೊತೆಗೆ ಬಿಸಿಲು ಬೀಳುವ ಕಡೆ 30 ಮಿ.ಮೀ. ದೂರ ಬಿಟ್ಟು ಒಂದು ತಗಡಿನ ಮರೆ. ಮೇಲೆ ಕೆಳಗೆ ತೆರೆದಿರಬೇಕು, ನಡುವಿನ ಗಾಳಿ ಬಿಸಿಯಾಗಿ ಮೇಲೆದ್ದು ಹೋಗಬೇಕು. ಈ ಮರೆ ಹಾಕಿದ ಮೇಲೆ ಬಿಸಿಲಿನಲ್ಲಿ ಅಳೆದ ಏರಿಕೆ ನೆರಳಿನದಕ್ಕಿಂತ ಸ್ವಲ್ಪವೇ ಹೆಚ್ಚು.

ಎಲ್ಲಾ ಮುಗಿದಾಗ, ಅದೇ 27 ಡಿಗ್ರಿಯ ಕೋಣೆಯಲ್ಲಿ, ಮಾಡ್ಯೂಲ್ ತಳ 46. ಮೊದಲು ಹೀಟ್ ಸಿಂಕ್ ಇದ್ದದ್ದು 104ರಲ್ಲಿ. ಒಳಗಿನ ಗಾಳಿ 68ರಿಂದ 41ಕ್ಕೆ ಇಳಿಯಿತು, ಇದು ನನಗೆ ಹೆಚ್ಚು ಖುಷಿ ಕೊಟ್ಟ ಸಂಖ್ಯೆ. ಯಾಕೆಂದರೆ ಬೋರ್ಡ್ ಮೇಲಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಆ ಗಾಳಿಯಲ್ಲೇ ಇರುತ್ತವೆ. ಹತ್ತು ಡಿಗ್ರಿ ಇಳಿದರೆ ಅವುಗಳ ಆಯುಷ್ಯ ಎರಡು ಪಟ್ಟಾಗುತ್ತದೆ ಅನ್ನುವುದು ವಿನ್ಯಾಸಕರು ಬಳಸುವ ಅಂದಾಜು. 27 ಡಿಗ್ರಿಗೆ ಅದು ಆರು ಪಟ್ಟಿನ ಮೇಲೆ. ಇಂಥ ಸರ್ಕ್ಯೂಟ್‌ಗಳಲ್ಲಿ ಚಿಪ್‌ಗಿಂತ ಮೊದಲು ಸೋಲುವುದು ಸಾಮಾನ್ಯವಾಗಿ ಕೆಪಾಸಿಟರ್.

ಆಮೇಲೆ ಇದೇ ಅಳತೆಯ ಪೆಟ್ಟಿಗೆಯಲ್ಲಿ 90 ವ್ಯಾಟ್‌ನ ದೊಡ್ಡ ಡ್ರೈವರ್ ಕೂರಿಸುವ ಕೆಲಸ ಬಂತು. ಅಲ್ಲಿ ಬರೀ ಬಣ್ಣ ಸಾಲದು. ಗೋಡೆಯೇ 30 ಡಿಗ್ರಿಗಿಂತ ಹೆಚ್ಚು ಏರುತ್ತಿತ್ತು. ಹಿಂಬದಿಗೆ ಫಿನ್ ಇರುವ ಪ್ಲೇಟ್ ಬೇಕಾಯಿತು. ಕಂಪ್ಯೂಟರ್‌ನ ಹೀಟ್ ಸಿಂಕ್ ನೋಡಿ ಅಭ್ಯಾಸವಾದವರು ಫಿನ್‌ಗಳನ್ನು 2 ಮಿ.ಮೀ. ಅಂತರದಲ್ಲಿ ಒತ್ತೊತ್ತಾಗಿ ಬಯಸುತ್ತಾರೆ. ಫ್ಯಾನ್ ತಳ್ಳುವಾಗ ಅದು ಸರಿ. ತಾನಾಗಿ ಏಳುವ ಗಾಳಿ ಮಾತ್ರ ಮೇಲೆ ಹೋದಂತೆ ಫಿನ್‌ಗೆ ಅಂಟಿಕೊಂಡ ಬಿಸಿ ಪದರವನ್ನು ದಪ್ಪ ಮಾಡುತ್ತಾ ಹೋಗುತ್ತದೆ. ಎದುರುಬದುರು ಫಿನ್‌ಗಳ ಪದರಗಳು ಸೇರಿಕೊಂಡರೆ ನಡುವೆ ಹೊಸ ಗಾಳಿಗೆ ಜಾಗವೇ ಇಲ್ಲ. 300 ಮಿ.ಮೀ. ಎತ್ತರದ ಫಿನ್‌ಗೆ, 25 ಡಿಗ್ರಿ ಏರಿಕೆಗೆ, ಲೆಕ್ಕ ಕೊಡುವ ಅಂತರ 9ರಿಂದ 10 ಮಿ.ಮೀ. ಎತ್ತರ 100 ಮಿ.ಮೀ. ಮಾತ್ರ ಆಗಿದ್ದರೆ 7 ಸಾಕಿತ್ತು. ಫಿನ್ ನಿಲ್ಲಬೇಕಾದದ್ದು ಲಂಬವಾಗಿ. ಅಡ್ಡ ಮಲಗಿಸಿದರೆ ಪ್ರತಿ ಸಂದಿಯೂ ಬಿಸಿ ಗಾಳಿಯನ್ನು ಹಿಡಿದಿಡುತ್ತದೆ. ಇಲ್ಲಿ ವಿಕಿರಣ ಹೆಚ್ಚು ಸಹಾಯ ಮಾಡದು. ಫಿನ್‌ಗಳು ಒಂದನ್ನೊಂದು ನೋಡುತ್ತಾ ಬಿಟ್ಟ ಶಾಖವನ್ನು ಪರಸ್ಪರ ಹೀರಿಕೊಳ್ಳುತ್ತವೆ. ಹೊರಗೆ ಕಾಣುವ ಒಟ್ಟು ಆವರಣದಷ್ಟೇ ಲೆಕ್ಕಕ್ಕೆ ಬರುವುದು.

40 ಮಿ.ಮೀ. ಉದ್ದಕ್ಕೆ ಚಾಚಿದ ಫಿನ್‌ಗಳು, 10 ಮಿ.ಮೀ.ಗೊಂದರಂತೆ, ಬಿಳಿ ಬಣ್ಣ, ಮೇಲೆ ಅದೇ ತಗಡಿನ ಮರೆ. 90 ವ್ಯಾಟ್‌ಗೆ ಗೋಡೆಯ ಏರಿಕೆ 19 ಡಿಗ್ರಿಗೆ ನಿಂತಿತು. ಸಂದಿ ಅಗಲ ಇರುವುದರಿಂದ ಮಧ್ಯೆ ಕೂತ ದೂಳನ್ನು ಸಾಧಾರಣ ಬ್ರಷ್‌ನಿಂದ ಮೇಲಿನಿಂದ ಕೆಳಗೆ ಎಳೆದು ತೆಗೆಯಬಹುದು. ಪೆಟ್ಟಿಗೆಯ ತಳಕ್ಕೆ ಒಂದು ಬ್ರೀದರ್ ವೆಂಟ್ ಕೂಡ ಹಾಕಿದ್ದೇನೆ. ಬಿಸಿಯಾದಾಗ ಹಿಗ್ಗಿ ತಣ್ಣಗಾದಾಗ ಕುಗ್ಗುವ ಒಳಗಾಳಿ ಗ್ಯಾಸ್ಕೆಟ್ ಮೂಲಕ ತೇವ ಎಳೆದುಕೊಳ್ಳದೆ ಅದರ ಮೂಲಕವೇ ಉಸಿರಾಡುತ್ತದೆ, ಹನಿ ನೀರು ಒಳಗೆ ಬರುವುದಿಲ್ಲ.