ಕದ್ದು ಓದುವವರ ಚಿತ್ರಗಳನ್ನು ನೋಡುವ ಬಗೆ

ಹತ್ತೊಂಬತ್ತನೆಯ ಶತಮಾನದ ಯುರೋಪಿನ ಚಿತ್ರದಲ್ಲಿ ಯಾರಾದರೂ ಕದ್ದು ಓದುತ್ತಿದ್ದರೆ, ಮೊದಲು ಪುಸ್ತಕವನ್ನಲ್ಲ, ಬಾಗಿಲನ್ನು ನೋಡಬೇಕು. ಫ್ರಾನ್ಸಿನ ಓಗ್ಯುಸ್ತ್ ತುಲ್‌ಮೂಶ್ 1865ರಲ್ಲಿ ಬರೆದ ‘ನಿಷಿದ್ಧ ಫಲ’ದಲ್ಲಿ, ಮನೆಯ ಗ್ರಂಥಾಲಯಕ್ಕೆ ನುಸುಳಿದ ಯುವತಿಯರ ಪೈಕಿ ಒಬ್ಬಳು ಬಾಗಿಲಿಗೆ ಕಿವಿಗೊಟ್ಟು ಕಾವಲು ನಿಂತಿದ್ದಾಳೆ, ಇನ್ನೊಬ್ಬಳು ಏಣಿ ಹತ್ತಿದ್ದಾಳೆ. ಆ ಏಣಿಯನ್ನು ಗಮನಿಸಿ: ಹೆಣ್ಣುಮಕ್ಕಳ ಕೈಗೆ ಸಿಗಬಾರದ ಪುಸ್ತಕಗಳು ಮೇಲಿನ ಸಾಲಿನಲ್ಲಿವೆ ಎಂಬುದನ್ನು ಅದೇ ಹೇಳುತ್ತದೆ, ಇಲ್ಲಿನ ಸೆನ್ಸಾರ್ ಅಧಿಕಾರಿ ಸರ್ಕಾರದವನಲ್ಲ, ಬಹುಶಃ ಮನೆಯ ಯಜಮಾನ.

ಬಳಿಕ, ಕಲಾವಿದ ಯಾರ ಪಕ್ಷ ಎಂದು ಕೇಳಿಕೊಳ್ಳಿ. ತುಲ್‌ಮೂಶ್ ನಗುತ್ತಾನೆ, ಬೆಲ್ಜಿಯಮ್ಮಿನ ಆಂತ್ವಾನ್ ವೀರ್ಟ್ಸ್ ಗದರಿಸುತ್ತಾನೆ. ಅವನ 1853ರ ‘ಕಾದಂಬರಿ ಓದುವವಳು’ ಚಿತ್ರದಲ್ಲಿ, ಹಾಸಿಗೆಯ ಮೇಲೆ ಬೆತ್ತಲೆ ಮಲಗಿ ಓದುತ್ತಿರುವವಳ ಪಕ್ಕಕ್ಕೆ ಕತ್ತಲಲ್ಲಿ ಅವಿತ ದೆವ್ವವೊಂದು ಪುಸ್ತಕಗಳನ್ನು ಸರಿಸುತ್ತಿದೆ. ಓದು ಹೆಣ್ಣನ್ನು ಕೆಡಿಸುತ್ತದೆಂದು ಎಚ್ಚರಿಸುವ ನೆಪದಲ್ಲಿ ಅವಳ ಮೈಯನ್ನು ಇಷ್ಟು ಅಕ್ಕರೆಯಿಂದ ಬಿಡಿಸಿರುವುದು ನನಗಂತೂ ಸೋಗಿನಂತೆ ಕಾಣುತ್ತದೆ.

ಸರ್ಕಾರಿ ಸೆನ್ಸಾರನ್ನು ಹುಡುಕುವವರು ವ್ಯಂಗ್ಯಚಿತ್ರಗಳತ್ತ ಹೊರಳಬೇಕು. 1819ರ ಕಾರ್ಲ್ಸ್‌ಬಾಡ್ ಆದೇಶಗಳು ಜರ್ಮನ್ ಪತ್ರಿಕೆಗಳ ಬಾಯಿ ಕಟ್ಟಿದ ಕಾಲದ ‘ಚಿಂತಕರ ಕೂಟ’ದಲ್ಲಿ, ಬಾಯಿಗೆ ಕುಕ್ಕೆ ಬಿಗಿದುಕೊಂಡ ಗಂಡಸರು ಮೇಜಿನ ಸುತ್ತ ಕುಳಿತಿದ್ದಾರೆ. ಗೋಡೆಯ ಬರಹವನ್ನು ತಪ್ಪದೆ ಓದಿ: ಚಿಂತಿಸಲು ನಮಗೆ ಇನ್ನೆಷ್ಟು ಕಾಲ ಅಪ್ಪಣೆಯಿದ್ದೀತು ಎಂಬುದೇ ಅಂದಿನ ಚರ್ಚೆಯ ವಿಷಯ.